ಡ್ಯುಯಲ್ ಬೂಟ್ ಮಾಡಿದ್ಮೇಲೆ ಡಿ ಡ್ರೈವಲ್ಲಿ ಸೇವ್ ಆಗ್ತಿಲ್ಲ

ಪ್ರಶ್ನೆ:
ವಿಂಡೋಸ್ ಪಕ್ಕದಲ್ಲೇ ಉಬುಂಟು ಲಿನಕ್ಸ್ ಹಾಕ್ಕೊಂಡೆ, ಯಾವ್ದು ಬೇಕು ಅಂತ ಕೇಳೋ ಗ್ರಬ್ ಮೆನು ಬರ್ತಿದೆ, ಎರಡೂ ಬೂಟ್ ಆಗ್ತವೆ, ಆದ್ರೆ ಉಬುಂಟುನಲ್ಲಿ ಡಿ ಡ್ರೈವ್ ಫೈಲ್ ಓದೋಕಾಗತ್ತೆ, ಸೇವ್ ಮಾಡೋಕ್ ಮಾತ್ರ ಬಿಡ್ತಿಲ್ಲ. ಗಡಿಯಾರ ಬೇರೆ ಹಿಂದೆಮುಂದೆ. ಏನ್ ಮಾಡ್ಲಿ ಗುರುಗಳೇ?

ಉತ್ತರ 1:
ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಆಗೇ ಇದೆ ಅನ್ಸತ್ತೆ, ನೋಡಿ. ಅದಿದ್ರೆ ಶಟ್‌ಡೌನ್ ಕೊಟ್ರೂ ಪೂರ್ತಿ ಆಫ್ ಆಗಲ್ಲ, ಅರೆನಿದ್ದೇಲಿರತ್ತೆ, ಅದಕ್ಕೇ ಲಿನಕ್ಸ್ ಡಿ ಡ್ರೈವ್ ಪಾರ್ಟಿಶನ್‌ಗೆ ಬರೆಯೋಕೆ ಹೋಗಲ್ಲ. ಪವರ್ ಆಪ್ಷನ್ಸಲ್ಲಿ ಟಿಕ್ ತೆಗೀರಿ. ಬಲವಂತವಾಗಿ ಮೌಂಟ್ (ಬರೆಯೋ ಹಾಗೆ ಡ್ರೈವ್ ತೆರೆಯೋದು) ಮಾಡ್ಬೇಡಿ, ನಾನು ಮಾಡಿ ಒಂದು ಫೋಲ್ಡರ್ ಕಳ್ಕೊಂಡಿದೀನಿ.

ಉತ್ತರ 2:
ಗಡಿಯಾರದ್ದು ಬೇರೆ ಕಥೆ. ಮದರ್‌ಬೋರ್ಡ್ ಟೈಮನ್ನ ವಿಂಡೋಸ್ ಲೋಕಲ್ ಟೈಮ್ ಅನ್ಕೊಳತ್ತೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಅನ್ಕೊಳತ್ತೆ. ಲಿನಕ್ಸನ್ನೇ ಲೋಕಲ್ ಟೈಮಿಗೆ ಬದಲಾಯಿಸಿ.

ಪ್ರಶ್ನೆ ಕೇಳಿದವರು:
ಟಿಕ್ ತೆಗ್ದೆ, ಸೇವ್ ಆಯ್ತು! ಗಡಿಯಾರ ರಾತ್ರಿ ನೋಡ್ತೀನಿ.