ಎಚ್‌ಎಂಟಿ ಜನತಾ: ಕೀ ಪೂರ್ತಿ ಇದೆ, ಅಲ್ಲಾಡಿಸಿದರೆ ಆರೇಳು ಸೆಕೆಂಡ್ ಓಡಿ ನಿಲ್ಲುತ್ತದೆ

ಪ್ರಶ್ನೆ — ಕೀಗಡಿಯಾರ

ಎಚ್‌ಎಂಟಿ ಜನತಾ, ಒಳಗೆ 0231 ಮೂವ್‌ಮೆಂಟ್ (ಒಳಯಂತ್ರ), 17 ಕಲ್ಲು (ಸವೆತ ತಡೆಯುವ ರತ್ನದ ಚೂರು). ಬಹಳ ವರ್ಷ ಕಪಾಟಿನಲ್ಲೇ ಇದ್ದದ್ದು. ಕೀ ಕೊಟ್ಟರೆ 22–23 ಸುತ್ತಿಗೆ ಗಟ್ಟಿಯಾಗಿ ನಿಲ್ಲುತ್ತದೆ, ಎಲ್ಲೂ ಜಾರುವುದಿಲ್ಲ. ಅಲ್ಲಾಡಿಸಿದರೆ ಆರೇಳು ಸೆಕೆಂಡ್ ಟಿಕ್ ಟಿಕ್ ಎಂದು ಮತ್ತೆ ಸುಮ್ಮನಾಗುತ್ತದೆ. ನಿಲ್ಲುವಾಗ ಸೆಕೆಂಡ್ ಮುಳ್ಳು ಪ್ರತಿ ಸಲ ಬೇರೆ ಜಾಗದಲ್ಲಿ. ಡಯಲ್ ಮೇಲಿಟ್ಟರೂ ಕೆಳಗಿಟ್ಟರೂ ಇದೇ ಕಥೆ. ಹಿಂಬದಿ ಮುಚ್ಚಳ ತೆಗೆದು ನೋಡಿದೆ, ತುಕ್ಕು ಕಾಣಲಿಲ್ಲ. ಅಂಗಡಿಯಲ್ಲಿ "ಕೀ ಜಾಸ್ತಿಯಾಗಿ ಲಾಕ್ ಆಗಿದೆ, ಸ್ಪ್ರಿಂಗ್ ಬದಲಿಸಬೇಕು" ಅಂದರು. ಇದು ಸರಿಯೇ? ನನ್ನ ಹತ್ತಿರ 10 ಪಟ್ಟಿನ ಲೂಪ್ (ಕಣ್ಣಿಗಿಡುವ ಭೂತಗನ್ನಡಿ), ಚಿಮುಟ, 0.8ರಿಂದ 1.6 ಮಿ.ಮೀ. ಸ್ಕ್ರೂಡ್ರೈವರ್, ಗಾಳಿ ಬುರುಡೆ ಇವೆ.

ಉತ್ತರ 1 — ಹದಿನೇಳು_ಕಲ್ಲು

ಸ್ಪ್ರಿಂಗ್ ಬದಲಿಸಬೇಡಿ, ಸದ್ಯಕ್ಕಂತೂ ಬೇಡ. ಕೀ ಜಾಸ್ತಿಯಾಗಿ ಗಡಿಯಾರ ನಿಲ್ಲುವುದು ಎಂಬುದೇ ಇಲ್ಲ. ಕೈಯಲ್ಲಿ ಕೀ ಕೊಡುವ ಗಡಿಯಾರ ಪೂರ್ತಿ ಸುತ್ತಿದ ಮೇಲೆ ಗಟ್ಟಿಯಾಗಿ ನಿಲ್ಲಲೇಬೇಕು, ಅದು ಆರೋಗ್ಯದ ಲಕ್ಷಣ. ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್) ತುಂಡಾಗಿದ್ದರೆ ಅಥವಾ ಒಳತುದಿ ಕೊಕ್ಕೆಯಿಂದ ಬಿಟ್ಟಿದ್ದರೆ ನೀವು ತಿರುಗಿಸುತ್ತಲೇ ಇರಬಹುದು, ಕೊನೆ ಸಿಗುವುದಿಲ್ಲ. ಕೈ ಬಿಟ್ಟ ಕೂಡಲೇ ಗುಂಡಿ ಸರ್ರನೆ ವಾಪಸ್ ತಿರುಗಿದರೆ ಕ್ಲಿಕ್ (ಹಿಂದೆ ತಿರುಗದಂತೆ ತಡೆಯುವ ಕೊಕ್ಕೆ) ಅಥವಾ ಅದರ ಪುಟ್ಟ ಸ್ಪ್ರಿಂಗ್ ಹೋಗಿದೆ. ಕರ್ ಕರ್ ಎಂದು ಜಾರಿದರೆ ಗುಂಡಿಯ ತಿರುವನ್ನು ಸ್ಪ್ರಿಂಗ್‌ಗೆ ಒಯ್ಯುವ ಕ್ರೌನ್ ವೀಲ್ ಇಲ್ಲವೇ ವೈಂಡಿಂಗ್ ಪಿನಿಯನ್ ಹಲ್ಲು ಸವೆದಿದೆ. ನಿಮ್ಮದರಲ್ಲಿ ಈ ಮೂರೂ ಇಲ್ಲ. ಶಕ್ತಿ ಬ್ಯಾರೆಲ್‌ನಲ್ಲಿ (ಸ್ಪ್ರಿಂಗ್ ಇರುವ ಡಬ್ಬಿ) ತುಂಬಿ ಕೂತಿದೆ, ಬ್ಯಾಲೆನ್ಸ್‌ವರೆಗೆ (ಹಿಂದೆ ಮುಂದೆ ತೂಗಿ ಕಾಲ ಅಳೆಯುವ ಚಕ್ರ) ಬರುತ್ತಿಲ್ಲ. ಎಲ್ಲಿ ಸಾಯುತ್ತಿದೆ ಎಂದು ಹುಡುಕುವುದೇ ಕೆಲಸ.

ಮೊದಲು ಬ್ಯಾಲೆನ್ಸ್ ಮೇಲೆ ಗಾಳಿ ಬುರುಡೆಯಿಂದ ಹಗುರವಾಗಿ ಗಾಳಿ ಬಿಡಿ. ಬಾಯಿಂದ ಊದಬೇಡಿ, ತೇವ ಹೋಗುತ್ತದೆ. ಚಕ್ರ ಓಲಾಡದೆ ಸಮವಾಗಿ ತೂಗಬೇಕು, ಹೇರ್‌ಸ್ಪ್ರಿಂಗ್‌ನ (ಅದರ ಕೂದಲೆಳೆ ಸ್ಪ್ರಿಂಗ್) ಸುರುಳಿಗಳು ಒಂದಕ್ಕೊಂದು ತಾಗದೆ ಒಟ್ಟಿಗೆ ಉಸಿರಾಡಬೇಕು. ಚಕ್ರ ಓರೆಯಾಗಿ ಓಲಿದರೆ ಪಿವಟ್ (ಚಕ್ರದ ದಂಡಿಯ ಸಣ್ಣ ತುದಿ) ಮುರಿದಿದೆ, ಅಲ್ಲಿಗೆ ನಿಲ್ಲಿಸಿ.

ಅದು ಸರಿ ಇದ್ದರೆ ಬ್ಯಾಲೆನ್ಸ್ ಕಾಕ್‌ನ (ಬ್ಯಾಲೆನ್ಸ್ ಹಿಡಿದಿರುವ ಪಟ್ಟಿ) ಸ್ಕ್ರೂ ಬಿಚ್ಚಿ, ಅಂಚಿನ ಸಂದಿಗೆ ಸ್ಕ್ರೂಡ್ರೈವರ್ ಕೊಟ್ಟು ಎತ್ತಿ, ಬ್ಯಾಲೆನ್ಸ್ ಸಮೇತ ಹೊರಗಿಡಿ. ಚಕ್ರವನ್ನು ಹೇರ್‌ಸ್ಪ್ರಿಂಗ್‌ನಲ್ಲಿ ನೇತಾಡಲು ಬಿಡಬೇಡಿ. ಈಗ ಕೀ ಇರುವಾಗಲೇ ಪ್ಯಾಲೆಟ್ ಫೋರ್ಕ್‌ನ (ಚಕ್ರಗಳ ನೂಕನ್ನು ಬ್ಯಾಲೆನ್ಸ್‌ಗೆ ದಾಟಿಸುವ ಕವಲು) ಬಾಲವನ್ನು ಮೊನೆ ಮಾಡಿದ ಬಿದಿರು ಕಡ್ಡಿಯಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ದೂಡಿ. ಸ್ವಲ್ಪ ದೂರ ಹೋದ ಮೇಲೆ ಅದು ತಾನೇ ಟಕ್ ಎಂದು ಆಚೆ ಗೋಡೆಗೆ ಹಾರಬೇಕು. ಎರಡೂ ಕಡೆ ಹತ್ತು ಸಲ ನೋಡಿ. ಚುರುಕಾಗಿ ಹಾರಿದರೆ ಸಾಲಿನ ಕೊನೆಯ ಚಕ್ರವಾದ ಎಸ್ಕೇಪ್ ವೀಲ್‌ವರೆಗೆ ಶಕ್ತಿ ಬರುತ್ತಿದೆ, ದೋಷ ಬ್ಯಾಲೆನ್ಸ್ ಕಡೆಯದು. ಸೋಮಾರಿಯಾಗಿ ತೆವಳಿದರೆ ದೋಷ ಚಕ್ರಗಳ ಸಾಲಿನಲ್ಲಿದೆ.

ಒಂದು ಎಚ್ಚರಿಕೆ. ಪ್ಯಾಲೆಟ್ ಬ್ರಿಡ್ಜ್ (ಫೋರ್ಕ್ ಹಿಡಿದಿರುವ ಪಟ್ಟಿ) ಮುಟ್ಟುವ ಮುಂಚೆ ಕೀ ಪೂರ್ತಿ ಇಳಿಸಲೇಬೇಕು. ಗುಂಡಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಒಂಚೂರು ಮುಂದಕ್ಕೆ ತಿರುಗಿಸಿ, ಕಡ್ಡಿಯಿಂದ ಕ್ಲಿಕ್ ಸರಿಸಿ ಹಿಡಿದು, ಗುಂಡಿ ಬೆರಳ ನಡುವೆ ಸ್ವಲ್ಪ ಸ್ವಲ್ಪವೇ ಜಾರಲಿ. ಇಳಿಸದೆ ಬಿಚ್ಚಿದರೆ ಚಕ್ರಗಳು ಒಂದೇ ಕ್ಷಣದಲ್ಲಿ ಬಿಚ್ಚಿ ಓಡಿ, ಹಲ್ಲು, ಪಿವಟ್ ಮುರಿದುಹೋಗುತ್ತವೆ.

ಉತ್ತರ 2 — ಹೇರ್‌ಸ್ಪ್ರಿಂಗ್

ಬಿಚ್ಚುವ ಮುಂಚೆ ಒಂದು ದಿಕ್ಸೂಚಿ ಹತ್ತಿರ ಇಟ್ಟು ನೋಡಿ. ಓಡುತ್ತಿರುವ ಆರೇಳು ಸೆಕೆಂಡಿನಲ್ಲಿ ಮುಳ್ಳು ನಡುಗಿದರೆ ಅಯಸ್ಕಾಂತ ಹಿಡಿದಿದೆ, ಡಿಮ್ಯಾಗ್ನೆಟೈಸರ್‌ನಿಂದ ಒಮ್ಮೆ ತೆಗೆಯಿರಿ. ಆದರೆ ಅಯಸ್ಕಾಂತ ಹೊಕ್ಕ ಗಡಿಯಾರ ಸಾಮಾನ್ಯವಾಗಿ ವೇಗವಾಗಿ ಓಡುತ್ತದೆ, ಹೀಗೆ ಉಸಿರು ಬಿಟ್ಟು ನಿಲ್ಲುವುದು ಕಡಿಮೆ.

ಸೆಕೆಂಡ್ ಮುಳ್ಳು ಬೇರೆ ಬೇರೆ ಕಡೆ ನಿಲ್ಲುತ್ತದೆ ಎಂದು ಬರೆದದ್ದು ಬಹಳ ಉಪಯೋಗದ ಮಾತು. ಪ್ರತಿ ಸಲ ಅದೇ ಸೆಕೆಂಡಿನಲ್ಲಿ ನಿಂತಿದ್ದರೆ ನಿಮಿಷಕ್ಕೊಂದು ಸುತ್ತು ಬರುವ ನಾಲ್ಕನೇ ಚಕ್ರದ ಹಲ್ಲು ಅಥವಾ ಎಲ್ಲೋ ತಾಗುವ ಮುಳ್ಳು ಎನ್ನುತ್ತಿದ್ದೆ. ಗಂಟೆಗೊಮ್ಮೆ ಅದೇ ನಿಮಿಷಕ್ಕೆ ನಿಂತರೆ ನಡುಚಕ್ರ. ಎರಡು ಮುಳ್ಳು ಒಂದರ ಮೇಲೊಂದು ಬಂದಾಗ ನಿಂತರೆ ಅವು ಉಜ್ಜುತ್ತಿವೆ. ನಿಮ್ಮದು ಒಟ್ಟಾರೆ ಎಳೆತ. ಒಣಗಿದ ಎಣ್ಣೆ.

ದಯವಿಟ್ಟು ಮೇಲಿಂದ ಎಣ್ಣೆ ಬಿಡಬೇಡಿ. ಹೊಲಿಗೆ ಯಂತ್ರದ್ದಾಗಲಿ ಕೊಬ್ಬರಿಯದಾಗಲಿ, ಹಳೇ ಅಂಟನ್ನು ಕದಡಿ ಕಲ್ಲುಗಳೊಳಗೆ ಇನ್ನೂ ಆಳಕ್ಕೆ ಕೂರಿಸುತ್ತದೆ. ವಾರ ಓಡಿ ಮತ್ತೆ ನಿಲ್ಲುತ್ತದೆ, ಅಷ್ಟರಲ್ಲಿ ಹೇರ್‌ಸ್ಪ್ರಿಂಗ್‌ಗೂ ಎಣ್ಣೆ ಹರಿದು ಸುರುಳಿಗಳು ಅಂಟಿಕೊಂಡಿರುತ್ತವೆ.

ಕೀಗಡಿಯಾರ

ದಿಕ್ಸೂಚಿ ಅಲುಗಲಿಲ್ಲ. ಬ್ಯಾಲೆನ್ಸ್ ಗಾಳಿಗೆ ಚೆನ್ನಾಗಿ ತೂಗುತ್ತದೆ. ಫೋರ್ಕ್ ಒಂದು ಕಡೆಗೆ ಹಾರುತ್ತದೆ, ಇನ್ನೊಂದು ಕಡೆಗೆ ಹತ್ತರಲ್ಲಿ ನಾಲ್ಕು ಸಲ ಅರ್ಧಕ್ಕೇ ನಿಂತಿತು. ಕೀ ಇಳಿಸಿ ಫೋರ್ಕ್ ತೆಗೆದಿದ್ದೇನೆ.

ಉತ್ತರ 3 — ಹದಿನೇಳು_ಕಲ್ಲು

ಸರಿಯಾದ ಜಾಗದಲ್ಲಿದ್ದೀರಿ. ಫೋರ್ಕ್ ಇಲ್ಲದೆ ಈಗ ರ‍್ಯಾಚೆಟ್‌ಗೆ ಎರಡೇ ಎರಡು ಕ್ಲಿಕ್ ಕೀ ಕೊಡಿ. ಚಕ್ರಗಳು ಜುಯ್ ಎಂದು ಓಡಿ, ನಿಲ್ಲುವ ಕೊನೆಯಲ್ಲಿ ಎಸ್ಕೇಪ್ ವೀಲ್ ಒಂದಿಷ್ಟು ಹಿಂದಕ್ಕೆ ತಿರುಗಬೇಕು. ಹಿಂದೆ ತಿರುಗದೆ ಕೆಸರಲ್ಲಿ ಸಿಕ್ಕಂತೆ ನಿಂತರೆ ಪಿವಟ್‌ಗಳಲ್ಲಿ ಅಂಟು ಇರುವುದು ಖಚಿತ. ಲೂಪ್‌ನಲ್ಲಿ ಕಲ್ಲಿನ ತೂತಿನ ಸುತ್ತ ನೋಡಿ, ಜೇನುಬಣ್ಣದ ಉಂಗುರ ಕಾಣುತ್ತದೆ.

ಪೂರ್ತಿ ಬಿಚ್ಚಿ ತೊಳೆಯಬೇಕು, ಒಳದಾರಿ ಇಲ್ಲ. ಪ್ರತಿ ಹಂತಕ್ಕೂ ಫೋಟೊ ತೆಗೆದು, ಸ್ಕ್ರೂಗಳನ್ನು ಅವು ಬಂದ ಬ್ರಿಡ್ಜ್ ಜೊತೆಯೇ ಇಡಿ. ಕ್ರೌನ್ ವೀಲ್ ಸ್ಕ್ರೂ ಬಹಳ ಮೂವ್‌ಮೆಂಟ್‌ಗಳಲ್ಲಿ ಉಲ್ಟಾ ಮರೆ. ಮಾಮೂಲು ದಿಕ್ಕಿಗೆ ಬರದಿದ್ದರೆ ಬಲ ಹಾಕಬೇಡಿ, ಇನ್ನೊಂದು ದಿಕ್ಕಿಗೆ ನೋಡಿ. ಕೀ ದಂಡಿ (ಗುಂಡಿಯ ಕಡ್ಡಿ) ತೆಗೆಯಲು, ಅದನ್ನು ಹಿಡಿದಿರುವ ಸೆಟ್ಟಿಂಗ್ ಲಿವರ್‌ನ ಸ್ಕ್ರೂವನ್ನು ಒಂದೂವರೆ ಸುತ್ತು ಸಡಿಲಿಸಿದರೆ ಸಾಕು. ಪೂರ್ತಿ ಬಿಚ್ಚಿದರೆ ಲಿವರ್ ಡಯಲ್ ಕಡೆಗೆ ಬೀಳುತ್ತದೆ.

ತೊಳೆಯಲು ಲೈಟರ್‌ಗೆ ಹಾಕುವ ನ್ಯಾಫ್ತಾ ಒಳ್ಳೆಯದು. ಆಲ್ಕೊಹಾಲ್‌ನಲ್ಲಿ ಫೋರ್ಕ್ ಮತ್ತು ಬ್ಯಾಲೆನ್ಸ್ ನೆನೆಸಬೇಡಿ. ಫೋರ್ಕ್‌ನ ಪ್ಯಾಲೆಟ್ ಕಲ್ಲುಗಳನ್ನೂ ಬ್ಯಾಲೆನ್ಸ್‌ನ ರೋಲರ್ ಕಲ್ಲನ್ನೂ ಹಿಡಿದಿರುವುದು ಅರಗು, ಅದು ಕರಗಿದರೆ ಕಲ್ಲೇ ಕಳಚುತ್ತದೆ. ಪ್ರತಿ ತೂತಿಗೂ ಮೊನೆ ಮಾಡಿದ ಕಡ್ಡಿ ಹಾಕಿ ತಿರುಗಿಸಿ, ಕಡ್ಡಿಯ ತುದಿ ಬಿಳಿಯಾಗಿ ಬರುವವರೆಗೆ ಹೊಸ ಮೊನೆ ಮಾಡುತ್ತಿರಿ. ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಇದು, ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ದಂಡ. ಬ್ಯಾಲೆನ್ಸ್‌ನ ಪ್ಯಾರಾಶಾಕ್ (ಪೆಟ್ಟು ತಡೆಯುವ) ಸ್ಪ್ರಿಂಗ್ ತೆಗೆಯುವಾಗ ಕೈಗಳನ್ನು ದೊಡ್ಡ ಪಾರದರ್ಶಕ ಚೀಲದೊಳಗಿಟ್ಟು ಮಾಡಿ. ಹಾರಿದರೆ ಚೀಲದಲ್ಲೇ ಸಿಗುತ್ತದೆ.

ಎಣ್ಣೆ: ಬ್ಯಾರೆಲ್ ಆರ್ಬರ್ (ಅದರ ನಡುದಂಡಿ) ಮತ್ತು ನಡುಚಕ್ರಕ್ಕೆ ದಪ್ಪದ್ದು, ಮೋಬಿಯಸ್ ಕಂಪನಿಯ ಡಿ5 ಅಥವಾ ಎಚ್‌ಪಿ 1300; ಮುಂದಿನ ಅಂಕಿಗಳೂ ಅದರ ಎಣ್ಣೆಗಳವೇ. ಮೂರನೇ, ನಾಲ್ಕನೇ, ಎಸ್ಕೇಪ್ ಚಕ್ರದ ಪಿವಟ್‌ಗಳಿಗೆ 9010. ಬ್ಯಾಲೆನ್ಸ್‌ನ ಕ್ಯಾಪ್ ಕಲ್ಲಿನ (ಪಿವಟ್ ತುದಿಗೆ ಮುಚ್ಚಳದಂತಿರುವ ಕಲ್ಲು) ಮೇಲೂ 9010, ಹನಿಯ ಅಗಲ ಕಲ್ಲಿನ ಅರ್ಧಕ್ಕಿಂತ ತುಸು ಹೆಚ್ಚು. ಪ್ಯಾಲೆಟ್ ಕಲ್ಲುಗಳ ಮುಖಕ್ಕೆ 9415, ಕೀ ದಂಡಿಯ ಭಾಗಗಳಿಗೆ ಗ್ರೀಸ್. ಫೋರ್ಕ್‌ನ ಪಿವಟ್‌ಗಳಿಗೆ ಎಣ್ಣೆ ಇಲ್ಲ, ಚಕ್ರಗಳ ಹಲ್ಲಿಗೂ ಇಲ್ಲ. ಎಣ್ಣೆ ತೂತಿನ ಬಟ್ಟಲು ತುಂಬಿ ಹರಿದರೆ ಒರೆಸಿ ಮತ್ತೆ ಹಾಕಿ. ಹೆಚ್ಚಾದ ಹನಿ ಪಿವಟ್ ಬಿಟ್ಟು ಪ್ಲೇಟ್ ಮೇಲೆ ಹರಡಿ, ಕೊನೆಗೆ ಪಿವಟ್ಟೇ ಒಣಗುತ್ತದೆ.

ಜೋಡಿಸುವಾಗ ಮೊದಲು ಚಕ್ರಗಳಷ್ಟೇ, ಫೋರ್ಕ್ ಬೇಡ. ಬ್ರಿಡ್ಜ್ ಸ್ಕ್ರೂ ಬಿಗಿಸುವ ಮುಂಚೆ ಪ್ರತಿ ಪಿವಟ್ ತೂತಿಗೆ ಇಳಿದಿದೆಯೇ ನೋಡಿ, ಬ್ರಿಡ್ಜ್ ತನ್ನ ಭಾರಕ್ಕೇ ಕೂರಬೇಕು. ಎಸ್ಕೇಪ್ ವೀಲ್ ಹಿಂದಕ್ಕೆ ತಿರುಗಿದ್ದು ಕಂಡ ಮೇಲೆ ಫೋರ್ಕ್, ಆಮೇಲೆ ಬ್ಯಾಲೆನ್ಸ್. ಎರಡು ಮೂರು ಸುತ್ತು ಕೀಗೇ ಅದು ತಾನಾಗಿ ಎದ್ದು ಓಡಬೇಕು, ಅಲ್ಲಾಡಿಸುವ ಅಗತ್ಯ ಇರಬಾರದು.

ಉತ್ತರ 4 — ಮುಳ್ಳು_ಡಯಲ್

ಡಯಲ್ ಕಡೆಯನ್ನೂ ಮರೆಯಬೇಡಿ. ಹಳೇ ಜನತಾಗಳಲ್ಲಿ ಹೊಸದಾಗಿ ಬಣ್ಣ ಹೊಡೆದ ಡಯಲ್, ಬೇರೆ ಗಡಿಯಾರದ ಮುಳ್ಳು, ಸಿಕ್ಕ ಸ್ಕ್ರೂ ಹಾಕಿ ಮಾರಿದವು ಬೇಕಾದಷ್ಟಿವೆ. ಡಯಲ್‌ನ ಕಾಲು ಮುರಿದು ಅಂಟಿಸಿದ್ದರೆ ಡಯಲ್ ತುಸು ಓರೆಯಾಗಿ ಕೂತು ಗಂಟೆ ಚಕ್ರವನ್ನು ಒತ್ತುತ್ತದೆ. ಉದ್ದದ ಸ್ಕ್ರೂ ಬ್ರಿಡ್ಜ್ ದಾಟಿ ಕೆಳಗಿನ ಚಕ್ರಕ್ಕೆ ತಾಗುತ್ತದೆ. ಮೂವ್‌ಮೆಂಟ್ ಮಾತ್ರ ಬರಿದಾಗಿ 24 ಗಂಟೆ ಓಡಿಸಿ, ಆಮೇಲೆ ಡಯಲ್ ಹಾಕಿ, ಕೊನೆಗೆ ಮುಳ್ಳು ಹಾಕಿ. ಯಾವ ಹಂತದಲ್ಲಿ ನಿಂತಿತೋ ಅಲ್ಲಿಯೇ ಕಾರಣ.

0231ರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು. ಟೈಮ್‌ಗ್ರಾಫರ್ (ಬಡಿತ ಕೇಳಿ ಅಳೆಯುವ ಯಂತ್ರ) ಸಿಕ್ಕರೆ ಪೂರ್ತಿ ಕೀ ಇರುವಾಗ ಡಯಲ್ ಮೇಲಿಟ್ಟು ನೋಡಿ, ಬ್ಯಾಲೆನ್ಸ್ ತೂಗುವ ಅಳತೆ 270 ಡಿಗ್ರಿ ಹತ್ತಿರ ಬಂದರೆ ಹಳೇ ಸ್ಪ್ರಿಂಗ್ ಇನ್ನೂ ಗಟ್ಟಿ ಇದೆ. ತೊಳೆದು ಎಣ್ಣೆ ಹಾಕಿದ ಮೇಲೂ 220 ದಾಟದಿದ್ದರೆ ಆಗ ಸ್ಪ್ರಿಂಗ್ ಬದಲಿಸುವ ಮಾತು ಎತ್ತಬಹುದು.

ಕೀಗಡಿಯಾರ

ಎಸ್ಕೇಪ್ ವೀಲ್ ಹಿಂದಕ್ಕೆ ತಿರುಗಲಿಲ್ಲ. ಮೂರನೇ ಚಕ್ರದ ಮೇಲಿನ ಕಲ್ಲಿನ ಸುತ್ತ ನೀವು ಹೇಳಿದ ಜೇನುಬಣ್ಣದ ಉಂಗುರ ಇದೆ. ನ್ಯಾಫ್ತಾ ಮತ್ತು 9010 ತರಿಸುತ್ತಿದ್ದೇನೆ.