ನದಿ ನೀರಿನಲ್ಲಿ ಹಾರ್ಮೋನು: ಕೇಳಿ, ತಜ್ಞೆ ಹೇಳುತ್ತಾರೆ

ಅಡ್ಮಿನ್: ನದಿ ಸೇರುವ, ಹಾರ್ಮೋನು ಏರುಪೇರು ಮಾಡುವ ರಾಸಾಯನಿಕಗಳ ಬಗ್ಗೆ ಇವತ್ತು ಕೇಳಬಹುದು. ನೀರು ಪರೀಕ್ಷೆ ಮಾಡುವ ಮೇಡಂ ಜೊತೆಗಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸದಸ್ಯ 1: ಕುದಿಸಿದರೆ ಹೋಗುತ್ತಾ ಮೇಡಂ?

ತಜ್ಞೆ: ಇಲ್ಲ. ಕುದಿಸಿದರೆ ಸಾಯುವುದು ರೋಗಾಣು. ಎಸ್ಟ್ರಾಡಿಯಾಲ್ (ಹೆಣ್ಣು ಹಾರ್ಮೋನು), ಬಿಸ್ಫಿನಾಲ್ ಎ (ಪ್ಲಾಸ್ಟಿಕ್ಕಿನ ರಾಸಾಯನಿಕ) ಆವಿಯಾಗಿ ಹೋಗುವ ಪೈಕಿ ಅಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತವೆ.

ಮೀನು ಸಾಕುವವ: ನನ್ನ ತೊಟ್ಟಿಗೆ ನದಿ ನೀರೇ ಹಾಕುವುದು. ಗಂಡು ಮೀನುಗಳ ಬಣ್ಣ ಮಂಕಾಗಿದೆ. ಇದೇ ಕಾರಣ ಇರಬಹುದಾ?

ವಿದ್ಯಾರ್ಥಿನಿ: ಪ್ರಾಜೆಕ್ಟಿಗೆ ನದಿಯ ಎರಡು ಕಡೆಯಿಂದ ನೀರು ತಂದೆ. ಒಂದು ತಿಳಿ, ಇನ್ನೊಂದು ಎಲೆ ಕೊಳೆತು ಕಂದಾದದ್ದು. ಎರಡಕ್ಕೂ ಒಂದೇ ಅಳತೆಯ ಎಸ್ಟ್ರಾಡಿಯಾಲ್ ಬೆರೆಸಿ ಮೂರು ದಿನ ಬಿಟ್ಟು ಅಳೆದೆ. ತಿಳಿ ನೀರಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತು, ಕಂದು ನೀರಲ್ಲಿ ಅರ್ಧ ಮಾತ್ರ. ಕಂದು ನೀರು ತಾನೇ ಶುದ್ಧವಾಗುತ್ತದೆ ಅಂತ ಬರೆದಿದ್ದೇನೆ. ನಾಳೆ ಒಪ್ಪಿಸಬೇಕು.

ತಜ್ಞೆ: ಒಪ್ಪಿಸಬೇಡಿ, ಸ್ವಲ್ಪ ತಡೆಯಿರಿ.

ಆ ಕಂದು ಬಣ್ಣ ಎಲೆ ಕೊಳೆತಾಗ ಹುಟ್ಟುವ ಹ್ಯೂಮಿಕ್, ಫಲ್ವಿಕ್ ಆಮ್ಲಗಳದ್ದು. ಎಸ್ಟ್ರಾಡಿಯಾಲ್‌ಗೆ ನೀರು ಅಷ್ಟಾಗಿ ಒಗ್ಗುವುದಿಲ್ಲ. ನೀರಿನ ಪಕ್ಕ ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಇಟ್ಟರೆ, ಅದರಲ್ಲಿ ಸುಮಾರು 10 ಸಾವಿರ ಪಟ್ಟು ಜಾಸ್ತಿ ಸೇರಿಕೊಳ್ಳುತ್ತದೆ. ನದಿಯಲ್ಲಿ ಆಕ್ಟನಾಲ್ ಎಲ್ಲಿಂದ ಬರಬೇಕು? ಹ್ಯೂಮಿಕ್ ಆಮ್ಲದಲ್ಲಿ ನೀರೊಲ್ಲದ ಮೂಲೆಗಳಿವೆ, ಅಲ್ಲಿ ಹೋಗಿ ಕೂರುತ್ತದೆ. ಆದರೆ ಇದು ಅಂಟಿಕೊಳ್ಳುವುದು, ನಾಶವಾಗುವುದಲ್ಲ. ಸುತ್ತಲಿನ ನೀರಲ್ಲಿ ಕಡಿಮೆಯಾದರೆ ಮತ್ತೆ ಬಿಟ್ಟುಕೊಡುತ್ತದೆ.

ನನಗೆ ತಲೆ ಕೆಡಿಸಿದ್ದು ನಿಮ್ಮ ಅರ್ಧ. ನಿಮ್ಮ ಕಂದು ನೀರಲ್ಲಿ ಲೀಟರಿಗೆ 10 ಮಿಲಿಗ್ರಾಂ ಕರಗಿದ ಸಾವಯವ ಇಂಗಾಲ, ಅಂದರೆ ಈ ಆಮ್ಲಗಳಂಥವುಗಳ ಇಂಗಾಲ, ಇದೆ ಅಂತಿಟ್ಟುಕೊಳ್ಳಿ. ಅಂಟುವ ಗುಣಾಂಕ ಕಿಲೋಗೆ 10 ಸಾವಿರ ಲೀಟರ್, ಅಂದರೆ ಒಂದು ಕಿಲೋ ಇಂಗಾಲ 10 ಸಾವಿರ ಲೀಟರ್ ನೀರಿನಷ್ಟು ಹಾರ್ಮೋನು ಹಿಡಿಯುತ್ತದೆ ಅಂತ ಹಿಡಿದರೆ, ಅಂಟುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಎಲ್ಲಿ ಹೋಯಿತು?

ಮೊದಲ ಗುಮಾನಿ ಬ್ಯಾಕ್ಟೀರಿಯಾ ಮೇಲೆ. ಅವು ಎಸ್ಟ್ರಾಡಿಯಾಲನ್ನು ಎಸ್ಟ್ರೋನ್ ಮಾಡುತ್ತವೆ. ಅದೂ ಹಾರ್ಮೋನೇ. ನೀವು ಎಸ್ಟ್ರೋನ್ ಅಳೆದಿರಾ? ಇಲ್ಲವೆಂದರೆ ಕಳ್ಳ ಅಂಗಿ ಬದಲಿಸಿದ್ದಕ್ಕೆ ಊರು ಬಿಟ್ಟ ಅಂದ ಹಾಗೆ. ಎರಡನೆಯದು ನಿಮ್ಮ ಯಂತ್ರ. ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನು ಅಯಾನು (ವಿದ್ಯುದಂಶವಿರುವ ಕಣ) ಮಾಡಿಯೇ ಅಳೆಯುವುದು; ಹ್ಯೂಮಿಕ್ ಆಮ್ಲ ಹಾರ್ಮೋನು ಅಯಾನು ಆಗುವುದಕ್ಕೇ ಅಡ್ಡ ಬರುತ್ತದೆ, ಇದ್ದದ್ದೂ ಕಡಿಮೆ ಕಾಣುತ್ತದೆ. ಆ ತಪ್ಪು ಹಿಡಿಯಲು ಗೊತ್ತಿರುವ ಅಳತೆಯ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಗುರುತಿನ ಎಸ್ಟ್ರಾಡಿಯಾಲ್ ಹಾಕಿದ್ದಿರಾ? ಮೂರನೆಯದು ಬಿಸಿಲು. ಬೆಳಕು ಬಿದ್ದರೆ ಹ್ಯೂಮಿಕ್ ಆಮ್ಲ ಚುರುಕಾದ ಆಮ್ಲಜನಕ ಹುಟ್ಟಿಸುತ್ತದೆ, ಅದು ಹಾರ್ಮೋನನ್ನು ನಿಜವಾಗಿಯೂ ಒಡೆಯುತ್ತದೆ. ಆದರೆ ಆಳದ ನದಿಯಲ್ಲಿ ಅದೇ ಕಂದು ಬಣ್ಣ ಬಿಸಿಲನ್ನು ಕೆಳಗೆ ಬಿಡುವುದಿಲ್ಲ. ಬಾಟಲಿ ಎಲ್ಲಿಟ್ಟಿದ್ದಿರಿ?

ಹಿರಿಯ ಸದಸ್ಯ: ಫಾರ್ವರ್ಡ್ ಬಂದಿದೆ: "ದಿನಾ 10 ಹನಿ ಹ್ಯೂಮಿಕ್ ಆಮ್ಲ ಕುಡಿಯಿರಿ, ಮೈಯಲ್ಲಿರುವ ಪ್ಲಾಸ್ಟಿಕ್ ಹಾರ್ಮೋನೆಲ್ಲ ಅಂಟಿಕೊಂಡು ಹೊರಗೆ!" ಮೇಡಂ ಹೇಳಿದ್ದೂ ಇದೇ ಅಲ್ವಾ?

ತಜ್ಞೆ: ಅಲ್ಲ ಸಾರ್. ಅಂಟಿದ್ದು ಮತ್ತೆ ಬಿಡುತ್ತದೆ ಅಂತ ಈಗಷ್ಟೇ ಬರೆದೆ. ಕುಡಿಯಬೇಡಿ, ಕುಡಿಸಬೇಡಿ. ಹ್ಯೂಮಿಕ್ ಆಮ್ಲ ಕ್ಲೋರಿನ್ ಜೊತೆ ಸೇರಿದರೆ ಕ್ಲೋರೋಫಾರ್ಮ್ ಹುಟ್ಟುತ್ತದೆ. 1974ರಿಂದ ಗೊತ್ತಿರುವ ಸಂಗತಿ.

ಸದಸ್ಯ 2: ನದಿಯಲ್ಲಿರುವುದು ನ್ಯಾನೋಗ್ರಾಂ, ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು, ಆ ಲೆಕ್ಕಕ್ಕೆ ಇಷ್ಟು ಗಲಾಟೆ ಯಾಕೆ? ಸುಮ್ನೆ ಹೆದರಿಸುವುದು.

ಸದಸ್ಯ 3: ಕೆನಡಾದ ಒಂಟಾರಿಯೊದಲ್ಲಿ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಹಾಕಿ ನೋಡಿದರು. ಲೀಟರಿಗೆ ಬರೀ 5–6 ನ್ಯಾನೋಗ್ರಾಂ. ಫ್ಯಾಟ್‌ಹೆಡ್ ಮಿನ್ನೋ ಮೀನಿನ ಸಂತತಿ ಹೆಚ್ಚುಕಡಿಮೆ ಅಳಿದೇಹೋಯಿತು. ಓದಿ ಮಾತಾಡಿ.

ಸದಸ್ಯ 2: ನಾನು ಮೀನಲ್ಲ.

ಸದಸ್ಯ 3: ನೀರಿನ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ಮೀನಿಗಿಂತ ಮುಂದಿದ್ದೀರಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸದಸ್ಯ 4: ಕುದಿಸಿದರೆ ಹೋಗಲ್ವಾ? ಇಲ್ಲವೆಂದರೆ ಇದ್ದಿಲ ಫಿಲ್ಟರ್?

ತಜ್ಞೆ: ಕುದಿಸುವುದಕ್ಕೆ ಉತ್ತರ ಮೇಲಿದೆ. ಸಕ್ರಿಯ ಇಂಗಾಲ ಹಿಡಿಯುತ್ತದೆ. ಆದರೆ ಕಂದು ನೀರು ಹಾಯಿಸಿದರೆ ಹ್ಯೂಮಿಕ್ ಆಮ್ಲವೇ ಮೊದಲು ರಂಧ್ರಗಳನ್ನು ತುಂಬಿ ಕೂರುತ್ತದೆ.

ಹಿರಿಯ ಸದಸ್ಯ: ಹನಿಯಿಂದ ನನ್ನ ಸ್ನೇಹಿತರಿಗೆ ಗುಣವಾಗಿದೆ. ಪುಸ್ತಕ ಓದಿದವರಿಗೆ ಅನುಭವದ ಬೆಲೆ ಗೊತ್ತಾಗುವುದಿಲ್ಲ.

ತಜ್ಞೆ: ಏನು ಗುಣವಾಯಿತು? ಮೊದಲು ಎಷ್ಟಿತ್ತು, ಆಮೇಲೆ ಎಷ್ಟು? ಅಂಕಿ ಇಲ್ಲದಿದ್ದರೆ ಇನ್ನೊಂದು ಸಲ ಇಲ್ಲಿ ಹಾಕಬೇಡಿ.

ಮೀನು ಸಾಕುವವ: ಮೇಡಂ, ನನ್ನ ಪ್ರಶ್ನೆ ಮೇಲೆ ಉಳಿದುಹೋಯಿತು.

ವಿದ್ಯಾರ್ಥಿನಿ: ಬಾಟಲಿ ಕಿಟಕಿ ಪಕ್ಕವೇ ಇತ್ತು ಮೇಡಂ. ಫ್ರಿಜ್‌ನಲ್ಲಿ ಜಾಗ ಇರಲಿಲ್ಲ. ಎಸ್ಟ್ರೋನ್ ಅಳೆದಿಲ್ಲ, ಗುರುತಿನದ್ದೂ ಹಾಕಿಲ್ಲ.

ತಜ್ಞೆ: ಹಾಗಾದರೆ ಮತ್ತೆ ಮಾಡಿ. ಗಾಜಿನ ಬಾಟಲಿ ತೆಗೆದುಕೊಳ್ಳಿ. ಕಂದು ನೀರಿಗೆ ಮೂರು: ಒಂದು ಬೆಳಕಿಗೆ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಇನ್ನೊಂದಕ್ಕೆ ಹಾಳೆ ಸುತ್ತಿ ಬ್ಯಾಕ್ಟೀರಿಯಾ ತಡೆಯುವ ಸೋಡಿಯಂ ಅಜೈಡ್ ಹಾಕಿ. ಅಜೈಡ್ ಬೆಳಕಿನ ಪ್ರತಿಕ್ರಿಯೆಗೂ ಅಡ್ಡ ಬರುತ್ತದೆ, ಅದಕ್ಕೇ ಕತ್ತಲು. ವಿಷ ಅದು, ಆಮ್ಲ ತಾಗಿಸಬೇಡಿ, ಗೈಡ್ ಎದುರಿಗಿರಲಿ. ಬೆರೆಸಿದ ಕೂಡಲೇ ಒಂದು ಸಲ ಅಳೆಯಿರಿ.

ವಿದ್ಯಾರ್ಥಿನಿ: ಗೈಡ್ ಸಮಯ ಕೊಡದಿದ್ದರೆ?

ತಜ್ಞೆ: "ಶುದ್ಧವಾಗುತ್ತದೆ" ಅನ್ನುವ ಸಾಲು ಹೊಡೆದುಹಾಕಿ, "ಅರ್ಧ ಸಿಗಲಿಲ್ಲ" ಅಂತ ಬರೆಯಿರಿ. ಅಷ್ಟೇ ನಿಮಗೆ ಗೊತ್ತಿರುವುದು.