ಅಪ್‌ಡೇಟ್: ಎವರೆಸ್ಟ್ ಬೇಸ್ ಕ್ಯಾಂಪ್ ಪ್ಲಾನ್, ಹೆಪ್ಪುಗಟ್ಟುವ ನೀರು
ಎವರೆಸ್ಟ್ ಬೇಸ್ ಕ್ಯಾಂಪ್‌ಗೆ (5,364 ಮೀ.) ಎಲ್ಲೆಲ್ಲಿ ತಂಗಬೇಕು, ನೀರು ಹೆಪ್ಪುಗಟ್ಟದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದೆ. ಮೊನ್ನೆ ವಾಪಸ್ ಬಂದ್ವಿ.

ಎತ್ತರಕ್ಕೆ ದೇಹ ಹೊಂದಿಕೊಳ್ಳಲಿ ಅಂತ ದಾರಿಯ ಊರುಗಳಾದ ನಾಮ್ಚೆ (3,440 ಮೀ.), ದಿಂಗ್ಬೋಚೆಯಲ್ಲಿ (4,410 ಮೀ.) ಎರಡೆರಡು ರಾತ್ರಿ ಇರಿ ಅಂದವರ ಮಾತೇ ಸರಿ. ಆದ್ರೆ ಆ ಹೆಚ್ಚುವರಿ ದಿನ ಸುಮ್ಮನೆ ಮಲಗೋದಲ್ಲ. ಗೈಡ್ ಜೊತೆ 300–400 ಮೀಟರ್ ಹತ್ತಿ ಇಳೀಬೇಕು.

ಹೈಡ್ರೇಶನ್ ಬ್ಲಾಡರ್ (ಪೈಪ್‌ನಿಂದ ಹೀರಿ ಕುಡಿಯೋ ನೀರಿನ ಚೀಲ) ತಗೊಳ್ಳಿ ಅನ್ನೋ ಸಲಹೆ ಕೈಕೊಟ್ಟಿತು. ಇನ್ನೂ ಮೇಲಿನ ಊರು ಲೋಬುಚೆ ಬಿಡುವಷ್ಟರಲ್ಲಿ ಪೈಪ್ ತುಂಬ ಐಸ್. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲ ತೊಡಿಸಿ, ತಲೆಕೆಳಗಾಗಿ ಇಡಿ. ಐಸ್ ಮೊದಲು ಕಟ್ಟೋದು ಮೇಲೆ, ಹಾಗಾಗಿ ಮುಚ್ಚಳ ಸಲೀಸಾಗಿ ಬಿಚ್ಚುತ್ತೆ.

ಗೊತ್ತೇ ಇರಲಿಲ್ಲ: ನೀರು ಶುದ್ಧ ಮಾಡೋ ಹಾಲೋ ಫೈಬರ್ (ಟೊಳ್ಳು ನಾರಿನ) ಫಿಲ್ಟರ್ ನೆನೆದಿದ್ದಾಗ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾರು ಸೀಳಬಹುದು, ಹೊರಗೆ ಏನೂ ಕಾಣಲ್ಲ. ದಯವಿಟ್ಟು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಕೊಳ್ಳಿ. ಚಾರಣ ಶುರುವಾಗೋ ಲುಕ್ಲಾದ ವಿಮಾನ ಹವಾಮಾನದಿಂದ ತಡವಾಗಬಹುದು, ಅದಕ್ಕೆ ಎರಡು ದಿನ ಹೆಚ್ಚುವರಿ ಇರಲೇಬೇಕು.